ಉಗುರಿನ ಗುರುತಿಲ್ಲದ ಏಳು ಕಲ್ಲುಗಳು

ಒಂದು ಕಾಡಿನಲ್ಲಿ ಎಲ್ಲವೂ ಇತ್ತು, ಕೆರೆ ಮಾತ್ರ ಇರಲಿಲ್ಲ. ಮಳೆಗಾಲದಲ್ಲಿ ಹಳ್ಳ ಧೋ ಎಂದು ಹರಿಯುತ್ತಿತ್ತು. ಬೇಸಿಗೆ ಬಂತೆಂದರೆ ಅದೇ ಹಳ್ಳದಲ್ಲಿ ಕಲ್ಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಒಂದು ವರ್ಷ ಬಿಸಿಲು ಎಷ್ಟು ಕಾಯಿತೆಂದರೆ, ಜಿಂಕೆಯ ಮರಿಗಳು ನಡೆಯುತ್ತಾ ನಡೆಯುತ್ತಾ ಬಾಯಾರಿ ಬಿದ್ದುಬಿಟ್ಟವು. ಅದನ್ನು ಕಂಡು ಕಾಡಿಗೆಲ್ಲ ಹಿರಿಯಳಾದ ಆನೆ ಭದ್ರವ್ವ ಎಲ್ಲರನ್ನೂ ಕೂಗಿ ಕರೆದಳು.

"ಇನ್ನು ನೋಡುತ್ತಾ ಕೂರಲು ನನ್ನಿಂದಾಗದು. ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟೋಣ. ಓಡಿಹೋಗುವ ನೀರನ್ನು ಹಿಡಿದು ನಿಲ್ಲಿಸೋಣ," ಎಂದಳು.

ಏರಿ ಕಟ್ಟುವುದೆಂದರೆ ಮಣ್ಣು ತಂದು ಗುಡ್ಡೆ ಸುರಿಯುವುದಲ್ಲ ಮಕ್ಕಳೇ. ಹಾಗೆಂದುಕೊಂಡವರು ಈಗಲೂ ಬೇಕಾದಷ್ಟು ಜನ ಇದ್ದಾರೆ, ಅವರ ಮಾತು ಬಿಡಿ. ಭದ್ರವ್ವನಿಗೆ ಅದು ಗೊತ್ತಿತ್ತು. ಅದಕ್ಕೇ ಅವಳು ಚಿಪ್ಪುಹಂದಿ ಚಿಪ್ಪಮ್ಮನನ್ನು ಕರೆಸಿದಳು. ಮಣ್ಣಿನ ವಿಷಯದಲ್ಲಿ ಆ ಕಾಡಿನಲ್ಲಿ ಚಿಪ್ಪಮ್ಮನನ್ನು ಮೀರಿಸಿದವರಿರಲಿಲ್ಲ. ಹುಟ್ಟಿದಾಗಿನಿಂದ ಮಣ್ಣು ಅಗೆದು ಬದುಕಿದವಳು. ಒಂದು ಹೆಂಟೆಯನ್ನು ಮೂಸಿ ನೋಡಿದರೆ ಸಾಕು, ಅದು ನೀರು ಹಿಡಿಯುತ್ತದೋ ಬಿಡುತ್ತದೋ ಹೇಳಿಬಿಡುತ್ತಿದ್ದಳು.

ಚಿಪ್ಪಮ್ಮ ಒಂದು ಕಟ್ಟಳೆ ಮಾಡಿದಳು. "ಏರಿಗೆ ಇಪ್ಪತ್ತೊಂದು ಪದರ. ಒಂದೊಂದು ಪದರವೂ ಒಂದು ಗೇಣು ದಪ್ಪ. ಮಣ್ಣು ಹರಡಿ, ಹಳ್ಳದ ತಳ ತೋಡಿ ಸಿಕ್ಕಷ್ಟು ನೀರು ಚಿಮುಕಿಸಿ, ಕಾಡುಕೋಣಗಳು ತುಳಿಯಬೇಕು. ಆಮೇಲೆ ನಾನು ಬಂದು ನನ್ನ ಮೂರು ಉಗುರು ಊರಿ ನೋಡುತ್ತೇನೆ. ಉಗುರು ಅರ್ಧಕ್ಕಿಂತ ಹೆಚ್ಚು ಇಳಿದರೆ ಮತ್ತೆ ತುಳಿಯಿರಿ. ಇಳಿಯದಿದ್ದರೆ ಪದರದ ಅಂಚಿನಲ್ಲಿ ಒಂದು ಬಿಳಿ ಬೆಣಚುಕಲ್ಲು ಇಡುತ್ತೇನೆ. ಕಲ್ಲು ಇಡದೆ ಮುಂದಿನ ಪದರದ ಮಣ್ಣು ಒಂದು ಹಿಡಿಯೂ ಬೀಳಕೂಡದು."

"ಆಗಲಿ ಕಣಮ್ಮ," ಎಂದಳು ಭದ್ರವ್ವ.

ಮಣ್ಣು ತರಿಸುವ, ತುಳಿಸುವ ಮೇಲ್ವಿಚಾರಣೆಗೆ ಯಾರು? ನರಿ ಕೆಂಚ ಎದೆ ಉಬ್ಬಿಸಿಕೊಂಡು ಮುಂದೆ ಬಂದ. "ನಾನಿದ್ದೇನೆ ಭದ್ರವ್ವ! ಮುಂಗಾರು ಬರುವುದರೊಳಗೆ ಮುಗಿಸಿಕೊಡದಿದ್ದರೆ ನನ್ನ ಹೆಸರು ಕೆಂಚನೇ ಅಲ್ಲ. ಆದರೆ ಒಂದು ಮಾತು. ಮುಗಿಸಿದರೆ ನನ್ನನ್ನು ಏರಿಯ ಯಜಮಾನ ಎಂದು ಕರೆಯಬೇಕು. ಕೆರೆಯ ಮೊದಲ ಗುಟುಕು ನನ್ನದು."

ಭದ್ರವ್ವ ಒಪ್ಪಿದಳು. ಒಪ್ಪಬಾರದಿತ್ತು. ಈಗ ಹೇಳಿ ಏನು ಪ್ರಯೋಜನ!

ಏರಿಯ ಕೆಳಗಿನ ತಗ್ಗಿನಲ್ಲಿ ಕಾಡುಕೋಳಿ ಚುಕ್ಕಿ ವಾಸವಾಗಿದ್ದಳು. ಕೋಳಿ ಮರದ ಮೇಲೆ ಗೂಡು ಕಟ್ಟುವುದಿಲ್ಲ, ನೆಲದಲ್ಲೇ ಮೊಟ್ಟೆ ಇಡುತ್ತದೆ. ಅವಳು ಹೆದರಿ ಚಿಪ್ಪಮ್ಮನನ್ನು ಕೇಳಿದಳು. "ಅಕ್ಕಾ, ಕೆರೆ ತುಂಬುವ ಹೊತ್ತಿಗೆ ನಾನು ಕಾವು ಕೂತಿರುತ್ತೇನೆ. ಇಪ್ಪತ್ತೊಂದು ದಿನ ಅಲ್ಲಾಡುವ ಹಾಗಿಲ್ಲ. ತಲೆಯ ಮೇಲೆ ಅಷ್ಟು ನೀರು ನಿಲ್ಲಿಸುತ್ತೀರಲ್ಲ, ನಾನು ಬೇರೆ ಕಡೆ ಹೋಗಲೇ?"

"ಬೇಡ ಕಣೇ. ಪ್ರತಿ ಪದರಕ್ಕೂ ನಾನೇ ಉಗುರು ಊರುತ್ತೇನೆ. ನಿಶ್ಚಿಂತೆಯಿಂದ ಕೂರು," ಎಂದಳು ಚಿಪ್ಪಮ್ಮ. "ಒಂದು ಮಾತು ನೆನಪಿಟ್ಟುಕೋ. ಏರಿಯ ಬುಡದಲ್ಲಿ ಸ್ವಲ್ಪ ನೀರು ಜಿನುಗಬಹುದು. ಅದು ತಿಳಿಯಾಗಿದ್ದರೆ ಭಯವಿಲ್ಲ. ಕೆಂಪಗೆ ಕದಡಿ ಬಂದರೆ ಮಾತ್ರ ಏರಿಯ ಒಳಗಿನ ಮಣ್ಣು ಕೊಚ್ಚುತ್ತಿದೆ ಎಂದರ್ಥ. ಆಗ ಕೂಗು. ಗಂಟಲು ಹರಿಯುವಂತೆ ಕೂಗು."

ಚುಕ್ಕಿ ಆ ಮಾತನ್ನು ನಂಬಿ ಅಲ್ಲೇ ಉಳಿದಳು.

ಕೆಲಸ ಶುರುವಾಯಿತು. ಆದರೆ ಚಿಪ್ಪುಹಂದಿಗಳ ಬಾಳೇ ಬೇರೆ. ಹಗಲೆಲ್ಲ ಸುರುಳಿ ಸುತ್ತಿಕೊಂಡು ಬಿಲದಲ್ಲಿ ನಿದ್ದೆ, ಹೊತ್ತು ಮುಳುಗುವಾಗ ಎದ್ದು ಹೊರಗೆ. ಆದ್ದರಿಂದ ಬೆಳಗ್ಗೆ ತುಳಿದ ಪದರಕ್ಕೆ ಸಂಜೆಯವರೆಗೆ ಕಾಯಬೇಕು. ದಿನಕ್ಕೆ ಒಂದೇ ಪದರ. ನಾಲ್ಕನೆಯ ಪದರದಲ್ಲಿ ಚಿಪ್ಪಮ್ಮನ ಉಗುರು ಬುಡದವರೆಗೂ ಇಳಿಯಿತು.

"ಮತ್ತೆ ತುಳಿಯಿರಿ," ಎಂದಳು.

ಕಾಡುಕೋಣಗಳ ಮುಖಂಡ ಕರಿಯಣ್ಣನಿಗೆ ಉಬ್ಬಸ ಬರುತ್ತಿತ್ತು. "ಒಂದು ಉಗುರಿಗೆ ನಮ್ಮ ಒಂದು ದಿನ ಹೋಯಿತಲ್ಲೇ ತಾಯಿ!" ಎಂದು ಗೊಣಗಿದ. ಗೊಣಗಿಕೊಂಡೇ ತುಳಿದ. ಮಾರನೆಯ ಸಂಜೆ ಕಲ್ಲು ಬಿತ್ತು. ಹೀಗೆ ಹತ್ತು ಪದರ ಏಳಲು ಹನ್ನೆರಡು ದಿನ ಹಿಡಿಯಿತು. ಹೊರಗಿನಿಂದ ನೋಡಿದರೆ ಹತ್ತು ಬಿಳಿ ಕಲ್ಲು ಒಂದರ ಮೇಲೊಂದು ಸಾಲಾಗಿ ಕಾಣುತ್ತಿದ್ದವು. ಪ್ರತಿ ಕಲ್ಲಿನ ಪಕ್ಕದಲ್ಲೂ ಮೂರು ಉಗುರಿನ ಮೂರು ತೂತು.

ಅಷ್ಟರಲ್ಲಿ ದೂರದಲ್ಲಿ ಗುಡುಗಿತು. ಭದ್ರವ್ವ ಗಾಬರಿಯಾದಳು. "ಕೆಂಚಾ, ಇನ್ನೂ ಅರ್ಧವೂ ಆಗಿಲ್ಲವಲ್ಲೋ! ಬೇಗ ಮಾಡಿಸು, ಬೇಗ!" ಎಂದಳು.

ಕೆಂಚನಿಗೆ ಇಷ್ಟೇ ಬೇಕಿತ್ತು. ಉರಿ ಬಿಸಿಲಿನ ಮಧ್ಯಾಹ್ನ ಚಿಪ್ಪಮ್ಮನ ಬಿಲದ ಬಾಯಿಗೆ ಹೋಗಿ ಮೆತ್ತಗೆ ಕರೆದ. "ಅಕ್ಕಾ... ಚಿಪ್ಪಕ್ಕಾ... ಏಳಬೇಡ, ಮಲಗಿರು. ಪಾಪ, ನಿನಗೆ ಎಷ್ಟು ಆಯಾಸ! ಭದ್ರವ್ವ ಬೇಗ ಮಾಡಿಸು ಅಂದಿದ್ದಾಳೆ. ಏಳು ಪದರದ ಕಲ್ಲು ಕೊಟ್ಟುಬಿಡು. ನಾನೇ ನಿಂತು ತುಳಿಸಿ, ನನ್ನ ಕಣ್ಣಾರೆ ನೋಡಿ ಇಡುತ್ತೇನೆ. ನನ್ನ ಉಗುರೂ ಉಗುರೇ ಅಲ್ಲವೇ?"

ಚಿಪ್ಪಮ್ಮ ಅರೆನಿದ್ದೆಯಲ್ಲಿದ್ದಳು. ಹನ್ನೆರಡು ದಿನ ದಣಿದಿದ್ದಳು. "ಭದ್ರವ್ವನೇ ಹೇಳಿದಳೇ?" ಎಂದಳು.

"ಅವಳೇ ಹೇಳಿದ್ದು. ಬೇಗ ಅಂತ."

ಅಯ್ಯೋ, ಆ ಚಿಪ್ಪಮ್ಮ! ಒಂದು ಹೆಂಟೆ ಮಣ್ಣನ್ನೂ ಮೂಸದೆ ನಂಬದವಳು, ನರಿಯ ಮಾತನ್ನು ಮೂಸಿ ನೋಡಲಿಲ್ಲ. ಮಲಗಿದಲ್ಲಿಂದಲೇ ಏಳು ಕಲ್ಲುಗಳನ್ನು ಹೊರಗೆ ಉರುಳಿಸಿಬಿಟ್ಟಳು.

ಆಮೇಲೆ ಏರಿ ಎದ್ದ ಪರಿ ನೋಡಬೇಕಿತ್ತು! ದಿನಕ್ಕೆ ಎರಡು ಪದರ. "ಚಿಪ್ಪಕ್ಕ ಒಪ್ಪಿದ್ದಾಳೆ, ಕಲ್ಲು ನೋಡು," ಎಂದು ಕೆಂಚ ತೋರಿಸುತ್ತಿದ್ದ. ಹತ್ತು ಸಲ ತುಳಿಯುವ ಕಡೆ ಎರಡು ಸಲ ತುಳಿದು ಕೋಣಗಳು ಹಾಯಾಗಿ ನೆರಳಿಗೆ ಹೋಗುತ್ತಿದ್ದವು. ದೂರದಿಂದ ಮಣ್ಣು ತರಲು ಬೇಸರವಾದಾಗ ಕೆಂಚ ತರಗೆಲೆ ಹಾಕಿಸಿ ಮೇಲೆ ನಾಲ್ಕು ಬೆರಳು ಮಣ್ಣು ಮುಚ್ಚಿಸಿದ. ಅಂದಕ್ಕೆಂದು ಏರಿಯ ಮುಖದ ಮೇಲೆ, ಹದಿನಾಲ್ಕನೆಯ ಪದರದ ಹತ್ತಿರ, ಒಂದು ಲಂಟಾನದ ಪೊದೆಯನ್ನೂ ನೆಡಿಸಿದ. "ಎಷ್ಟು ಚೆಂದ!" ಎಂದರು ಎಲ್ಲರೂ. ಕೊನೆಯ ನಾಲ್ಕು ಪದರಕ್ಕೆ ಚಿಪ್ಪಮ್ಮನೇ ಬಂದಳು. ಉಗುರು ಊರಿದಳು. ಮಣ್ಣು ಗಟ್ಟಿಯಾಗಿತ್ತು. ಕಲ್ಲು ಇಟ್ಟಳು. ಕೆಳಗಿನ ಏಳು ಪದರ ಆಗಲೇ ಮುಚ್ಚಿಹೋಗಿದ್ದವು. ಅವುಗಳ ಬಗ್ಗೆ ಅವಳೂ ಕೇಳಲಿಲ್ಲ, ಕೆಂಚನೂ ಹೇಳಲಿಲ್ಲ.

ಏರಿ ಮುಗಿಯಿತು. ತುಂಬಿ ಹೆಚ್ಚಾದ ನೀರು ಪಕ್ಕದ ಕಣಿವೆಗೆ ಹರಿದುಹೋಗಲಿ ಎಂದು ಒಂದು ತುದಿಯಲ್ಲಿ ಕೋಡಿ ಬಿಟ್ಟರು. ಭದ್ರವ್ವ ಕೆಳಗೆ ನಿಂತು ಸೊಂಡಿಲು ಎತ್ತಿ ಎಣಿಸಿದಳು. ಇಪ್ಪತ್ತೊಂದು ಬಿಳಿ ಕಲ್ಲು. "ಶಹಭಾಸ್ ಕೆಂಚಾ! ಇವತ್ತಿನಿಂದ ನೀನೇ ಏರಿಯ ಯಜಮಾನ," ಎಂದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ.

ಮುಂಗಾರು ಬಂತು. ಕೆರೆಗೆ ನೀರು ಬಂತು! ಜಿಂಕೆಗಳು ದಡದಲ್ಲಿ ಕುಣಿದವು. ಕೆಂಚ ಮೊದಲ ಗುಟುಕು ಕುಡಿದು ಮೀಸೆ ತಿರುವಿದ. ಮಧ್ಯಾಹ್ನವಾದರೆ ಅವನು ಎಲ್ಲಿ ಮಾಯವಾಗುತ್ತಾನೆಂದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಬರುವಾಗ ಮೈಮೇಲಿನ ಕೆಂಪು ಮಣ್ಣು ಕೊಡವಿಕೊಂಡು ಬರುತ್ತಿದ್ದ.

ನೀರು ದಿನದಿನಕ್ಕೆ ಏರಿತು. ಕೆಳಗಿನ ತಗ್ಗಿನಲ್ಲಿ ಚುಕ್ಕಿ ಏಳು ಮೊಟ್ಟೆಗಳ ಮೇಲೆ ಕೂತಿದ್ದಳು. ಹದಿನೆಂಟನೆಯ ದಿನ. ಇನ್ನು ಮೂರೇ ದಿನ. ಕಿವಿಯಿಟ್ಟರೆ ಮೊಟ್ಟೆಯೊಳಗೆ ಸಣ್ಣಗೆ ಅಲುಗಿದ್ದು ತಿಳಿಯುತ್ತಿತ್ತು. ಆ ದಿನ ಬೆಳಗ್ಗೆ ಅವಳ ಕಾಲಿನ ಹತ್ತಿರ ಒಂದು ಎಳೆ ನೀರು ಹರಿದು ಬಂತು. ಬಗ್ಗಿ ನೋಡಿದಳು. ಕೆಂಪಗಿತ್ತು!

"ನೀರು ಕೆಂಪಗಿದೆ! ಅಯ್ಯೋ ಬನ್ನಿ, ನೀರು ಕೆಂಪಗಿದೆ!" ಎಂದು ಚುಕ್ಕಿ ಕೂಗಿದಳು. ರೆಕ್ಕೆ ಬಡಿದಳೇ ಹೊರತು ಮೊಟ್ಟೆ ಬಿಟ್ಟು ಏಳಲಿಲ್ಲ.

ಎಲ್ಲರೂ ಓಡಿ ಬಂದರು. ಕೆಂಚ ಏರಿಯ ಮೇಲಿಂದಲೇ ನಕ್ಕ. "ಮಳೆಗಾಲದಲ್ಲಿ ನೀರು ಕೆಂಪಗಾಗದೆ ಹಾಲಿನಂತೆ ಬರುತ್ತದೆಯೇ? ಕೋಳಿಗೆ ಕಾವಿನ ತಾಪ ತಲೆಗೇರಿದೆ." ಕೆಲವರು ನಕ್ಕರು. ಭದ್ರವ್ವ ಮತ್ತೊಮ್ಮೆ ಎಣಿಸಿದಳು. "ಇಪ್ಪತ್ತೊಂದು ಕಲ್ಲೂ ಇದೆಯಲ್ಲ ಚುಕ್ಕಿ. ಹೆದರಬೇಡ," ಎಂದಳು.

"ಕಲ್ಲು ಕಟ್ಟಿಕೊಂಡು ನನಗೇನಾಗಬೇಕು ಭದ್ರವ್ವ?" ಚುಕ್ಕಿ ಕತ್ತು ಚಾಚಿ ಕೇಳಿದಳು. "ಚಿಪ್ಪಕ್ಕನ ಮಾತು ನಂಬಿ ಇಲ್ಲಿ ಕೂತವಳು ನಾನು. ಅವಳನ್ನು ಎಬ್ಬಿಸಿ. ಅವಳು ಬಂದು ಸರಿಯಿದೆ ಎಂದರೆ ಸುಮ್ಮನಾಗುತ್ತೇನೆ."

ಕರಿಯಣ್ಣ ಹೋಗಿ ಬಿಲದ ಮೇಲೆ ಗೊರಸಿನಿಂದ ದಬದಬ ಬಡಿದ. ಚಿಪ್ಪಮ್ಮ ಹಗಲಿನ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಬಂದಳು. ಕೆಂಪು ನೀರನ್ನು ಒಂದು ಸಲ ಮೂಸಿದಳು. ಏರಿಯ ಮುಖ ಹತ್ತಿ ಒಂದೊಂದೇ ಕಲ್ಲನ್ನು ಮುಟ್ಟುತ್ತಾ ಹೋದಳು. ಹತ್ತನೆಯ ಕಲ್ಲಿನ ತನಕ ಸರಸರನೆ ಹೋದವಳು ಹನ್ನೊಂದನೆಯದರ ಹತ್ತಿರ ನಿಂತುಬಿಟ್ಟಳು. ಪಕ್ಕದಲ್ಲಿ ತಡಕಿದಳು. ಹನ್ನೆರಡು, ಹದಿಮೂರು... ಹದಿನೇಳರವರೆಗೂ ತಡಕಿದಳು.

"ಈ ಏಳು ಕಲ್ಲಿನ ಪಕ್ಕ ಉಗುರಿನ ಗುರುತೇ ಇಲ್ಲ," ಎಂದಳು.

ದಿನವೂ ಆ ಕಲ್ಲುಗಳನ್ನು ನೋಡಿದ್ದವರೇ ಎಲ್ಲರೂ. ಎಣಿಸಿದ್ದವರೇ. ಮಕ್ಕಳಿಗೆ ತೋರಿಸಿ ಹೆಮ್ಮೆಪಟ್ಟಿದ್ದವರೇ. ಕಲ್ಲಿನ ಪಕ್ಕದಲ್ಲಿ ಮೂರು ತೂತು ಇದೆಯೋ ಇಲ್ಲವೋ ಎಂದು ಒಬ್ಬರೂ ನೋಡಿರಲಿಲ್ಲ!

"ಹಾಗಾದರೆ ಆ ಕಲ್ಲು ಎಲ್ಲಿಂದ ಬಂದವು? ಯಾರು ಕದ್ದರು?" ಭದ್ರವ್ವ ಗುಡುಗಿದಳು.

ಚಿಪ್ಪಮ್ಮ ಕೆಳಗೆ ಕೂತ ಚುಕ್ಕಿಯ ಕಡೆ ನೋಡಿದಳು. ತಲೆ ತಗ್ಗಿಸಿದಳು. "ಯಾರೂ ಕದಿಯಲಿಲ್ಲ. ನಾನೇ ಕೊಟ್ಟೆ. ನೀನು ಹೇಳಿದೆ ಎಂದು ಕೆಂಚ ಹೇಳಿದ. ನಿದ್ದೆಗಣ್ಣಿನಲ್ಲಿ ಕೊಟ್ಟುಬಿಟ್ಟೆ."

"ನಾನು ಹೇಳಿದೆನೇ? ನಾನು ಬೇಗ ಎಂದೆ. ನೋಡದೆ ಕಟ್ಟು ಎಂದೆನೇ?" ಎಂದ ಭದ್ರವ್ವನಿಗೆ ಆಗ ಎಲ್ಲ ಹೊಳೆಯಿತು. ಯಾವ ಪದರವನ್ನೂ ನೋಡದೆ ಬಿಡುವುದಿಲ್ಲ ಎಂದು ಕಟ್ಟಳೆ ಮಾಡಿದವಳೇ ಕಲ್ಲು ಕೊಟ್ಟಿದ್ದಾಳೆ. ಬೇಗ ಬೇಗ ಎಂದು ಅವಸರಪಡಿಸಿದವಳು ತಾನೇ. "ಕೆಂಚ ಎಲ್ಲಿ?" ಎಂದು ತಿರುಗಿದಳು.

ಕೆಂಚ ಇರಲಿಲ್ಲ. ಈಗ ತಾನೇ ಏರಿಯ ಮೇಲೆ ನಗುತ್ತಾ ನಿಂತಿದ್ದವನು ಗಾಳಿಯಲ್ಲಿ ಕರಗಿದಂತೆ ಮಾಯವಾಗಿದ್ದ!

ಚಿಪ್ಪಮ್ಮ ಕಾಯಲಿಲ್ಲ. ಹದಿನಾಲ್ಕನೆಯ ಕಲ್ಲಿನ ಪಕ್ಕದಲ್ಲಿ ಮೂರು ಉಗುರು ಊರಿದಳು. ಉಗುರು ಇಳಿಯಿತು. ಪಂಜ ಇಳಿಯಿತು. ತೋಳು ಇಳಿಯಿತು. ಹೆಗಲಿನವರೆಗೂ ಒಳಗೆ ಹೋಯಿತು! "ಒಳಗೆ ಟೊಳ್ಳಾಗಿದೆ! ಎಲ್ಲರೂ ಪಕ್ಕಕ್ಕೆ ಸರಿಯಿರಿ!" ಎಂದು ಕಿರುಚಿ ಅವಳು ಹಿಂದಕ್ಕೆ ಹಾರಿದಳು.

ಏರಿಯ ಹೊಟ್ಟೆಯೊಳಗೆ 'ಗುಳುಗುಳು' ಎಂದು ಸದ್ದಾಯಿತು. ಲಂಟಾನದ ಪೊದೆ ಗಡಗಡ ಅಲ್ಲಾಡಿತು. ಮರುಕ್ಷಣವೇ ಪೊದೆ ಬುಡಸಮೇತ ಕಿತ್ತು ಹಾರಿತು. ಅದರ ಹಿಂದೆಯೇ ಕೆಂಪು ನೀರಿನ ಜೊತೆ ನರಿ ಕೆಂಚ ಏರಿಯೊಳಗಿನಿಂದ ಚಿಮ್ಮಿ ಹೊರಗೆ ಬಂದ! ಬಾಲ ಮುಂದೆ, ತಲೆ ಹಿಂದೆ! ಗಾಳಿಯಲ್ಲಿ ಎರಡು ಪಲ್ಟಿ ಹೊಡೆದು ಚುಕ್ಕಿಯ ಎದುರಿನ ಕೆಸರಿನಲ್ಲಿ ಧೊಪ್ಪನೆ ಬಿದ್ದ.

ನಗಬೇಡಿ ಮಕ್ಕಳೇ. ಅಲ್ಲಿದ್ದವರು ಯಾರೂ ನಗಲಿಲ್ಲ. ಇಡೀ ಕಾಡಿನ ನೀರು ಹೊತ್ತ ಏರಿಯ ನಟ್ಟನಡುವೆ ಈ ಪಾಪಿ ತನಗೊಂದು ತಂಪಾದ ಬಿಲ ಬಿಟ್ಟುಕೊಂಡಿದ್ದ! ಪೊದೆ ನೆಟ್ಟದ್ದು ಅಂದಕ್ಕಲ್ಲ, ಬಿಲದ ಬಾಯಿ ಮುಚ್ಚಲು. ಯಜಮಾನನ ಮಧ್ಯಾಹ್ನದ ನಿದ್ದೆ ಅಲ್ಲೇ. ಭದ್ರವ್ವನ ಕಣ್ಣು ತಪ್ಪಿಸಿ ಅಡಗಲು ಹೋದದ್ದೂ ಅಲ್ಲಿಗೇ. ಅವನು ಹಾಕಿಸಿದ ತರಗೆಲೆಯನ್ನು ಕೊರೆದು ಬಂದ ನೀರು ಅವನ ಬಿಲಕ್ಕೇ ನುಗ್ಗಿ, ಅವನನ್ನೇ ಉಗಿದಿತ್ತು.

ಬಿಲದಿಂದ ಸೊಂಡಿಲು ಗಾತ್ರದ ನೀರು ಸುರಿಯತೊಡಗಿತು. ತಗ್ಗಿಗೆ ಕೆಸರು ನುಗ್ಗಿತು. ಚುಕ್ಕಿ ರೆಕ್ಕೆ ಅಗಲಿಸಿ ಮೊಟ್ಟೆಗಳನ್ನು ತಬ್ಬಿಕೊಂಡಳು. ಆದರೂ ಒಂದು ಮೊಟ್ಟೆ ಉರುಳಿ ನೀರಿನಲ್ಲಿ ಹೋಯಿತು. ಅವಳು ಕೊಕ್ಕು ಚಾಚುವುದರೊಳಗೆ ಇನ್ನೊಂದೂ ಹೋಯಿತು.

"ನನ್ನ ಮಕ್ಕಳು!" ಎಂದು ಅವಳು ಚೀರಿದ್ದು ಇಡೀ ಕಾಡಿಗೆ ಕೇಳಿತು.

ಭದ್ರವ್ವ ಓಡಿ ಬಂದು ತನ್ನ ಪಕ್ಕೆಯನ್ನೇ ಬಿಲದ ಬಾಯಿಗೆ ಒತ್ತಿ ನಿಂತಳು. ನೀರು ಅವಳ ಬೆನ್ನಿನ ಮೇಲಿಂದ ಚಿಮ್ಮಿತು. "ಚಿಪ್ಪಮ್ಮ, ಈಗ ಏನು ಮಾಡಬೇಕು ಹೇಳು!"

"ನೀರಿನ ಭಾರ ಇಳಿಸಬೇಕು. ಕೋಡಿಯನ್ನು ಆಳಕ್ಕೆ ಕಡಿಯಬೇಕು. ಹತ್ತನೆಯ ಪದರದವರೆಗೆ!"

"ಕೋಡಿ ಕಡಿದರೆ ಅರ್ಧ ಕೆರೆ ಹೋಗುತ್ತದೆ!" ಜಿಂಕೆಗಳು ಅಳತೊಡಗಿದವು. "ನಮ್ಮ ಮರಿಗಳ ಬೇಸಿಗೆಯ ನೀರು!"

"ಏರಿ ಒಡೆದರೆ ಪೂರ್ತಿ ಹೋಗುತ್ತದೆ. ಜೊತೆಗೆ ಚುಕ್ಕಿಯೂ ಹೋಗುತ್ತಾಳೆ," ಎಂದಳು ಭದ್ರವ್ವ. "ಕರಿಯಣ್ಣಾ, ಕಡಿ!"

ಕೋಣಗಳು ಕೊಂಬಿನಿಂದ ಕೋಡಿಯನ್ನು ಬಗೆದವು. ಅಂದು ಅವು ಗೊಣಗಲಿಲ್ಲ. ನೀರು ಭೋರ್ಗರೆದು ಪಕ್ಕದ ಕಣಿವೆಗೆ ಬಿತ್ತು. ಸಂಜೆಯವರೆಗೂ ಭದ್ರವ್ವ ಅಲ್ಲಾಡದೆ ನಿಂತಳು. ಬಿಲದ ನೀರು ಸಣ್ಣಗಾಯಿತು, ಹನಿಯಾಯಿತು, ನಿಂತಿತು.

ಎಲ್ಲರೂ ಸುಸ್ತಾಗಿ ಕೆರೆಯ ಕಡೆ ನೋಡಿದರು. ನೀರು ಸರಿಯಾಗಿ ಹತ್ತನೆಯ ಪದರದ ಮಟ್ಟಕ್ಕೆ ನಿಂತಿತ್ತು. ಚಿಪ್ಪಮ್ಮ ಎಲ್ಲಿಯವರೆಗೆ ಉಗುರು ಊರಿದ್ದಳೋ ಅಲ್ಲಿಯವರೆಗೆ ಮಾತ್ರ ಆ ಕಾಡಿಗೆ ಕೆರೆ ಉಳಿದಿತ್ತು. ಮೇಲಿನ ನಾಲ್ಕು ಪದರ ಕಲ್ಲಿನಷ್ಟು ಗಟ್ಟಿಯಾಗಿದ್ದವು. ಏನು ಬಂತು! ಅವು ನಿಂತಿದ್ದು ತರಗೆಲೆಯ ಮೇಲೆ.

ಕೆಂಚ ಕುಂಟುತ್ತಾ ಜಾರಿಕೊಳ್ಳಲು ನೋಡಿದ. ಕರಿಯಣ್ಣ ಅಡ್ಡ ನಿಂತ.

"ನನ್ನದೊಬ್ಬನದೇ ತಪ್ಪೇ?" ಕೆಂಚ ಹಲ್ಲುಗಿಂಜಿದ. "ಬೇಗ ಎಂದವರು ನೀವು. ಕಲ್ಲು ಕೊಟ್ಟವಳು ಅವಳು. ಎರಡೇ ಸಲ ತುಳಿದವನು ಈ ಕರಿಯಣ್ಣ."

ನುಂಗಲಾರದ ತುತ್ತು ಅದು. ಕರಿಯಣ್ಣ ನೆಲ ನೋಡಿದ. ಭದ್ರವ್ವ ಹೇಳಿದಳು. "ನಿಜ. ಅವಸರಪಡಿಸಿದ ತಪ್ಪು ನನ್ನದು. ಕೊಟ್ಟ ತಪ್ಪು ಅವಳದು. ತುಳಿಯದ ತಪ್ಪು ಇವನದು. ಆದರೆ ಒಳಗೆ ಟೊಳ್ಳಿದೆ ಎಂದು ಗೊತ್ತಿದ್ದೂ ಕೋಳಿಯನ್ನು ನೋಡಿ ನಕ್ಕವನು ನೀನೊಬ್ಬನೇ. ಇನ್ನು ಮೇಲೆ ಪ್ರತಿ ಮಳೆಗಾಲವೂ ನೀನು ಚುಕ್ಕಿಯ ಈ ತಗ್ಗಿನಲ್ಲೇ ಕೂರಬೇಕು. ಜಿನುಗುವ ನೀರು ತಿಳಿಯೋ ಕೆಂಪೋ ಎಂದು ನೋಡುತ್ತಿರಬೇಕು. ಏರಿ ಒಡೆದರೆ ಮೊದಲು ಕೊಚ್ಚಿಹೋಗುವವನು ನೀನೇ. ಎಚ್ಚರವಾಗಿರುತ್ತೀಯ."

ಯಜಮಾನನ ಮೀಸೆ ಇಳಿದುಹೋಯಿತು.

ಮೂರು ದಿನ ಕಳೆದು ಚುಕ್ಕಿಯ ಗೂಡಿನಲ್ಲಿ ಐದು ಮರಿಗಳು ಹೊರಬಂದವು. ಚಿಪ್ಪಮ್ಮ ದೂರದಲ್ಲೇ ನಿಂತಿದ್ದಳು. ಹತ್ತಿರ ಹೋಗುವ ಧೈರ್ಯ ಅವಳಿಗೆ ಬರಲಿಲ್ಲ. "ನನ್ನನ್ನು ಕ್ಷಮಿಸು ಎಂದು ಕೇಳಲು ಬಾಯಿ ಬರುವುದಿಲ್ಲ ಚುಕ್ಕಿ," ಎಂದಳು.

ಚುಕ್ಕಿ ಮರಿಗಳನ್ನು ರೆಕ್ಕೆಯ ಕೆಳಗೆ ಸೇರಿಸಿಕೊಂಡಳು. ಆಮೇಲೆ, "ಮುಂದಿನ ಸಲ ನಾನೂ ಬರುತ್ತೇನೆ," ಎಂದಳು, ಅಷ್ಟೇ.

ಮುಂದಿನ ಬೇಸಿಗೆಯಲ್ಲಿ ಹನ್ನೊಂದರಿಂದ ಮೇಲಿನದನ್ನೆಲ್ಲ ಕಿತ್ತು ಮತ್ತೆ ಕಟ್ಟಿದರು. ಮಣ್ಣು ಹೊತ್ತವನು ಕೆಂಚ. ಹತ್ತಕ್ಕೆ ಹತ್ತು ಸಲವೂ ತುಳಿದವನು ಕರಿಯಣ್ಣ. ಆ ವರ್ಷವೂ ದೂರದಲ್ಲಿ ಗುಡುಗಿತು. ಭದ್ರವ್ವ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಪ್ರತಿ ಸಂಜೆ ಚಿಪ್ಪಮ್ಮ ಬಂದು ಉಗುರು ಊರಿ ಕಲ್ಲು ಇಟ್ಟ ಮೇಲೆ, ಒಂದು ಕಾಡುಕೋಳಿ ತನ್ನ ಐದು ಮರಿಗಳನ್ನು ಕರೆದುಕೊಂಡು ಏರಿ ಹತ್ತುತ್ತಿತ್ತು. ಕಲ್ಲಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅದರ ಪಕ್ಕದ ಮೂರು ತೂತಿನಲ್ಲಿ ಕೊಕ್ಕು ಇಟ್ಟು ಆಳ ನೋಡಿ, "ಇದೆ. ಮುಂದಿನ ಪದರ ಹಾಕಿ," ಎನ್ನುತ್ತಿತ್ತು. ಆಮೇಲೆಯೇ ಮಣ್ಣು ಬೀಳುತ್ತಿತ್ತು.

ನೀತಿ: ಪರೀಕ್ಷೆ ಮಾಡದೆ ಇಟ್ಟ ಒಪ್ಪಿಗೆಯ ಗುರುತು ಕಣ್ಣಿಗೆ ಕಟ್ಟಿದ ಬಟ್ಟೆ. ದೊಡ್ಡ ಕೆಲಸದಲ್ಲಿ ಒಂದೊಂದು ಹಂತವನ್ನೂ ಖುದ್ದಾಗಿ ನೋಡಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಬೇಕು. ಅವಸರಕ್ಕೆ ಬಿಟ್ಟ ಟೊಳ್ಳು ಕೆಳಗಿರುವವರ ತಲೆಯ ಮೇಲೆಯೇ ಬೀಳುತ್ತದೆ.